ಕಾಲು ಮಡಚಿ ಮಲಗಿದವನು

ಮಯ್ಯತ್ ತೊಳೆಯುವವನು ಉಸ್ಮಾನಾಕನ ದೇಹವನ್ನು ಎಡಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡು, “ಪಾನಿ” ಎಂದ. ಅನ್ಸಿಫ್ ಹೆಗಲಿನಿಂದ ಕೆಳಗೆ ನಿಧಾನವಾಗಿ ನೀರು ಸುರಿಯತೊಡಗಿದ. ನೀರು ಸೊಂಟಕ್ಕೆ ಇಳಿಯುವಷ್ಟರಲ್ಲಿ ಅವನ ಜೇಬಿನ ಫೋನು ಗುರ್ರೆಂದಿತು, ನಿಂತಿತು, ಮತ್ತೆ ಗುರ್ರೆಂದಿತು. ಯಾರೆಂದು ನೋಡುವ ಅಗತ್ಯವಿರಲಿಲ್ಲ. ಕೊನೆಗೆ ತೊಳೆಯುವವನೇ ಬೇಸತ್ತು, ಹೋಗಿ ಮಾತಾಡಿ ಬಾ ಎನ್ನುವಂತೆ ಗದ್ದದಿಂದ ಬಾಗಿಲು ತೋರಿಸಿದ.

“ಬಟ್ಟೆ ಸಿಕ್ಕಿತಾ ಅನ್ಸೀ?” ಸಕೀನ ಮಾಮಿಯ ದನಿ ಅತ್ತು ಅತ್ತು ಒಡೆದಿತ್ತು.

“ಇಲ್ಲ ಮಾಮಿ. ಇವತ್ತು ಸೋಮವಾರ ಅಲ್ವಾ, ಮ್ಯೂಸಿಯಂಗೆ ರಜೆ.”

“ರಜೆ ಆದ್ರೂ ಒಬ್ಬ ವಾಚ್‌ಮನ್ ಇರೂದಿಲ್ವಾ? ಮಯ್ಯತ್ತಿಗೆ ಬೇಕು ಅಂತ ಹೇಳು. ಇಲ್ಲಿಯವರು ಅದಕ್ಕೆಲ್ಲ ಇಲ್ಲ ಅನ್ನೂದಿಲ್ಲ.”

“ಫೋನ್ ಮಾಡ್ತಾ ಇದ್ದೇನೆ. ಯಾರೂ ತೆಗೀತಾ ಇಲ್ಲ.”

“ಇನ್ನೊಮ್ಮೆ ಮಾಡು ಮಗಾ. ಮೂಳೆಗೆ ಸುತ್ತಿದ್ದು ಅಂತ ನನಗೆ ಅಸಹ್ಯ ಇಲ್ಲ. ತೊಳೆದು ಕೊಟ್ರೆ ಸಾಕು. ಮ್ಯೂಸಿಯಂನಲ್ಲಿ ಇರುವವನಿಗೆ ಬಟ್ಟೆ ಎಂತಕ್ಕೆ, ಹೇಳು? ನಿನ್ನ ಮಾಮನಿಗೆ ಅದರಲ್ಲೇ ಹೋಗ್ಬೇಕು ಅಂತ ಎಷ್ಟು ಆಸೆ ಇತ್ತು.”

“ಆಯ್ತು ಮಾಮಿ” ಎಂದು ಅನ್ಸಿಫ್ ಫೋನ್ ಇಟ್ಟ.

ಅವನು ಯಾರಿಗೂ ಫೋನ್ ಮಾಡಿರಲಿಲ್ಲ. ಸಾವಿನ ಮನೆಯಲ್ಲಿ ಸುಳ್ಳು ಹೇಳಬಾರದೆಂದು ಅವನಿಗೂ ಗೊತ್ತು. ಆದರೆ ಮೊದಲ ಸುಳ್ಳಿಗೆ ನಾಲಿಗೆ ಒಣಗುತ್ತದೆ, ಎರಡನೆಯದು ಸಲೀಸಾಗಿ ಬರುತ್ತದೆ, ಆಮೇಲಿನವು ತಾವಾಗಿಯೇ ಬಂದು ಬಾಯಲ್ಲಿ ಕೂರುತ್ತವೆ.

ಮಾಮಿ ಕೇಳುತ್ತಿದ್ದದ್ದು ಎರಡು ತುಂಡು ಬಿಳಿ ಬಟ್ಟೆಯನ್ನು. ಉಸ್ಮಾನಾಕ ಮಕ್ಕಾಕ್ಕೆ ಉಮ್ರಾ ಯಾತ್ರೆಗೆ ಹೋದಾಗ ಉಟ್ಟ ಇಹ್ರಾಮ್. ಅದನ್ನು ಅಲ್ಲಿಯ ಝಮ್‌ಝಮ್ ಬಾವಿಯ ನೀರಿನಲ್ಲಿ ಅದ್ದಿ, ಒಣಗಿಸಿ, ಸತ್ತಾಗ ಹೊದಿಸುವ ತನ್ನ ಕಫನಿಗೆಂದು ಮಡಚಿ ತಂದಿದ್ದರು. ಮೂಳೂರು, ಉಚ್ಚಿಲದ ಕಡೆಯ ಹಳಬರಲ್ಲಿ ಇದೊಂದು ಪದ್ಧತಿ. ಇಡೀ ಬದುಕಿನಲ್ಲಿ ಒಂದು ಒಳ್ಳೆ ಅಂಗಿಗೆ ಆಸೆಪಡದವರೂ ಆ ಬಟ್ಟೆಯ ವಿಷಯಕ್ಕೆ ಬಂದರೆ ಮದುಮಕ್ಕಳ ಹಾಗೆ ಆಡುತ್ತಾರೆ. ಆ ಬಟ್ಟೆ ಈಗ ಮ್ಯೂಸಿಯಂನಲ್ಲಿದೆ ಎಂದು ಮಾಮಿ ನಂಬಿದ್ದರು. ಹಾಗೆ ಹೇಳಿದ್ದು ಅನ್ಸಿಫ್, ಅವರ ಗಂಡನಿಗೆ. ಹೇಳುವಾಗ ಮಾಮಿಯೂ ಅಲ್ಲೇ ಇದ್ದರು. ನಿಜಕ್ಕೂ ಅದಿದ್ದದ್ದು ಇಲ್ಲೇ ಅಬುಧಾಬಿಯಲ್ಲಿ, ಬನಿಯಾಸಿನ ಆಚೆ, ಅನ್ಸಿಫನ ಸೈಟಿನ ಮರಳಿನಡಿಯಲ್ಲಿ, ಹೆಸರು ಗೊತ್ತಿಲ್ಲದ ಒಬ್ಬನ ಮೈಮೇಲೆ.

ಅವನು ಒಳಗೆ ಬಂದ. ತೊಳೆಯುವವನು ಖಬರಸ್ತಾನದವರು ಕೊಟ್ಟ ಹೊಸ ಬಟ್ಟೆಯನ್ನು ಹಾಸಿಟ್ಟಿದ್ದ. ಇಸ್ತ್ರಿಯ ಗೆರೆ ಹೋಗದ, ಅತ್ತರಿನ ವಾಸನೆಯ ಒಳ್ಳೆಯ ಬಟ್ಟೆಯೇ. ಮನೆಯವರ ಬಟ್ಟೆ ಏನಾದರೂ ಇದೆಯಾ ಎಂದು ಅವನು ಹಿಂದಿಯಲ್ಲಿ ಕೇಳಿದಾಗ ಅನ್ಸಿಫ್ ತಲೆಯಾಡಿಸಿ ಇಲ್ಲವೆಂದ.

* * *

ಉಸ್ಮಾನಾಕ ಅನ್ಸಿಫನ ತಾಯಿಯ ಅಣ್ಣ. ಅಬುಧಾಬಿಗೆ ಬಂದದ್ದು ಹೆಲ್ಪರ್ ಆಗಿ, ಆಮೇಲೆ ಜೆಸಿಬಿ ಕಲಿತರು. ಊರಿಗೆ ಹೋದಾಗ ಜನ, “ಅಲ್ಲಿಯ ದೊಡ್ಡ ದೊಡ್ಡ ಬಿಲ್ಡಿಂಗಲ್ಲಿ ನೀವು ಕಟ್ಟಿದ್ದು ಯಾವುದು?” ಎಂದು ಕೇಳಿದರೆ, “ನಾನು ಕಟ್ಟಿದ್ದು ಕಾಣೂದಿಲ್ಲ, ಕಂಡ್ರೆ ನಾತ ಬರ್ತದೆ” ಎಂದು ನಗುತ್ತಿದ್ದರು. ಅವರು ತೋಡಿದ್ದೆಲ್ಲ ಚರಂಡಿಯ, ನೀರಿನ ಪೈಪುಗಳ ಕಣಿ. ಮಗಳು ನಸೀಮಳನ್ನು ದುಬೈಯ ಅಲ್ ಕುಸೈಸ್‌ಗೆ ಮದುವೆ ಮಾಡಿಕೊಟ್ಟ ಮೇಲೆ ಸಕೀನ ಮಾಮಿಯೂ ಬಂದು ಅಲ್ಲೇ ಇದ್ದರು. ಉಸ್ಮಾನಾಕ ವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗಿ ಮೊಮ್ಮಕ್ಕಳ ಇಂಗ್ಲಿಷು ಕೇಳಿ, ಅರ್ಥವಾದವರ ಹಾಗೆ ತಲೆಯಾಡಿಸಿ ಬರುತ್ತಿದ್ದರು. ಅನ್ಸಿಫ್ ಇಂಜಿನಿಯರಿಂಗ್ ಮುಗಿಸಿದಾಗ ಕಂಪನಿಯವರ ಕೈಕಾಲು ಹಿಡಿದು ವೀಸಾ ತೆಗೆಸಿಕೊಟ್ಟವರೂ ಅವರೇ. ಹೀಗೆ ಸೋದರಳಿಯ ಇಂಜಿನಿಯರನಾಗಿಯೂ ಮಾಮ ಜೆಸಿಬಿ ಆಪರೇಟರರಾಗಿಯೂ ಒಂದೇ ಸೈಟಿನಲ್ಲಿದ್ದರು. ಅಲ್ಲಿ ಎಲ್ಲರೆದುರು ಉಸ್ಮಾನಾಕ ಅವನನ್ನು “ಸರ್” ಎಂದೇ ಕರೆಯುತ್ತಿದ್ದರು. ಆಮೇಲೆ ಊಟದ ಡಬ್ಬಿಯಿಂದ ಮೀನಿನ ತುಂಡನ್ನು ತೆಗೆದು ಅವನ ತಟ್ಟೆಗೆ ಹಾಕುತ್ತಿದ್ದರು.

ಅದು ನಡೆದದ್ದು ಒಂದು ಚಳಿಗಾಲದಲ್ಲಿ, ಬನಿಯಾಸಿನ ಆಚೆ ಜಲ್ಲಿದಿಬ್ಬದ ಬದಿಯಲ್ಲಿ ಪೈಪಿನ ಕಣಿ ತೋಡುವಾಗ. ಜೆಸಿಬಿಯ ಬಕೆಟ್ಟು ಕಲ್ಲಿಗೆ ತಾಗಿತು. ಉಸ್ಮಾನಾಕ ಇಳಿದು ನೋಡಿದರು. ಕಲ್ಲುಗಳನ್ನು ಯಾರೋ ಉರುಟಾಗಿ ಜೋಡಿಸಿದ್ದರು. ನಡುವೆ ಮರಳಿನಲ್ಲಿ ಒಬ್ಬ ಮನುಷ್ಯನಿದ್ದ. ಮೂಳೆಯಷ್ಟೇ. ಮೊಣಕಾಲನ್ನು ಎದೆಗೆ ಒತ್ತಿ, ಚಳಿಗೆ ಮುದುಡಿದವರ ಹಾಗೆ ಮಗ್ಗುಲಾಗಿ ಮಲಗಿದ್ದ. ಮುಖದ ಹತ್ತಿರ ಒಂದು ಪುಟ್ಟ ಮಡಕೆ.

ಅನ್ಸಿಫನನ್ನು ಕೂಗಿ ಕರೆದರು. ಅನ್ಸಿಫ್ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಪ್ರಾಜೆಕ್ಟ್ ಶುರುವಾಗುವಾಗ ಪುರಾತತ್ವದವರು ಬಂದು ಇಂಜಿನಿಯರುಗಳಿಗೆ ಸ್ಲೈಡ್ ತೋರಿಸಿದ್ದರು. ಉರುಟು ಕಲ್ಲು, ಮಡಕೆಯ ಚೂರು, ಮೂಳೆ, ಏನು ಸಿಕ್ಕಿದರೂ ಕೆಲಸ ನಿಲ್ಲಿಸಿ, ಮುಟ್ಟಬೇಡಿ, ನಮಗೆ ಫೋನ್ ಮಾಡಿ, ಅದು ಈ ದೇಶದ ಕಾನೂನು ಎಂದಿದ್ದರು. ಸಾವಿರಾರು ವರ್ಷದ ಹಿಂದಿನವರು ಹೀಗೆಯೇ ಕಾಲು ಮಡಚಿ ಮಲಗಿಸುತ್ತಿದ್ದರು ಎಂದೂ ಹೇಳಿದ್ದರು. ಅನ್ಸಿಫ್ ಸಹಿ ಹಾಕಿ, ಚಹಾ ಕುಡಿದು ಬಂದಿದ್ದ. ಆದರೆ ಆ ಕಣಿಯ ಕೆಲಸ ಆಗಲೇ ತಡವಾಗಿತ್ತು. ಫೋನ್ ಮಾಡಿದರೆ ಇಡೀ ಲೈನ್ ನಿಲ್ಲುತ್ತದೆ, ಯಾವಾಗ ಬಿಡುತ್ತಾರೋ ದೇವರಿಗೇ ಗೊತ್ತು. ಅವನ ಹೊಸ ಕೆಲಸ, ಹೆಂಡತಿಯ ವೀಸಾದ ಅರ್ಜಿ, ಎಲ್ಲ ಆಗಷ್ಟೇ ಒಂದು ಹದಕ್ಕೆ ಬಂದಿದ್ದವು.

“ಯಾರೋ ಪಾಪ ದಾರಿಹೋಕ” ಎಂದರು ಉಸ್ಮಾನಾಕ. “ಮರುಭೂಮಿಯಲ್ಲಿ ಸತ್ತಿದ್ದಾನೆ. ಜೊತೆಗಿದ್ದವರು ಗಡಿಬಿಡಿಯಲ್ಲಿ ಕಲ್ಲು ಇಟ್ಟು ಹೋಗಿದ್ದಾರೆ. ನೋಡು, ಸರಿಯಾಗಿ ಮಲಗಿಸ್ಲಿಕ್ಕೂ ಯಾರೂ ಇರ್ಲಿಲ್ಲ ಇವನಿಗೆ.”

ಅನ್ಸಿಫ್ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

“ಮುಚ್ಚುವ ಮಾಮ. ಲೈನನ್ನು ಸ್ವಲ್ಪ ಆಚೆ ತಿರುಗಿಸುವ.”

“ಹೀಗೇ ಮುಚ್ಚೂದಾ? ನನ್ನ ಬಕೆಟ್ಟು ತಾಗಿದೆ ಇವನಿಗೆ. ಒಂದು ಹತ್ತು ನಿಮಿಷ ಕೊಡು.”

ಊಟದ ಹೊತ್ತು. ಕೆಲಸದವರೆಲ್ಲ ನೆರಳಿಗೆ ಹೋಗಿದ್ದರು. ಉಸ್ಮಾನಾಕ ಪಿಕಪ್ ತೆಗೆದುಕೊಂಡು ಕೆಲಸಗಾರರ ಕ್ಯಾಂಪಿನ ತನ್ನ ಕೋಣೆಗೆ ಹೋದರು. ವಾಪಸ್ ಬಂದಾಗ ಅವರ ಕೈಯಲ್ಲಿ ಆ ಬಟ್ಟೆಯಿತ್ತು.

“ಮಾಮ, ಅದು ನಿಮ್ಮದು!”

“ನನಗೆ ಇನ್ನೊಂದು ಸಿಗ್ತದೆ. ಇವನಿಗೆ ಯಾರು ಕೊಡ್ತಾರೆ?”

ಮತ್ತೆ ಕಣಿಯೊಳಗೆ ಕೂತು, ಮಗುವಿನ ಕೈಕಾಲು ನೀವುವವರ ಹಾಗೆ ಒಂದೊಂದೇ ಮೂಳೆಯನ್ನೆತ್ತಿ, ಮಡಚಿದ ಕಾಲುಗಳನ್ನು ನೇರ ಮಾಡಿದರು. ಮುಖವನ್ನು ಕಿಬ್ಲಾದ ಕಡೆಗೆ, ಮಕ್ಕಾದ ದಿಕ್ಕಿಗೆ ತಿರುಗಿಸಿದರು. ಬಟ್ಟೆ ಸುತ್ತಿದರು. ಮಡಕೆಯನ್ನು ಏನು ಮಾಡುವುದೆಂದು ತಿಳಿಯದೆ, “ಇವನು ನೀರು ಕುಡೀತಿದ್ದದ್ದು ಕಾಣ್ತದೆ” ಎಂದು ಕಾಲಿನ ಹತ್ತಿರ ಇಟ್ಟರು. ಅನ್ಸಿಫನನ್ನು ನಮಾಝಿಗೆ ಕರೆದರು. ಅನ್ಸಿಫ್ ಯಾರಾದರೂ ಬರುತ್ತಾರೆಯೇ ಎಂದು ನೋಡುತ್ತ ಮೇಲೆಯೇ ನಿಂತಿದ್ದ. “ಬೇಗ ಮಾಡಿ ಮಾಮ” ಎಂದಷ್ಟೇ ಹೇಳಿದ. ಸಾವಿರಾರು ವರ್ಷ ಅಲ್ಲಾಡದೆ ಮಲಗಿದ್ದವನನ್ನು ಉಸ್ಮಾನಾಕ ಪ್ರೀತಿಯಿಂದ ಕೆಡಿಸುತ್ತಿದ್ದರು. ಅದು ಗೊತ್ತಿದ್ದೂ ಅನ್ಸಿಫ್ ಕಾವಲು ನಿಂತ. ಮಾಮನ ಭಕ್ತಿ ಅವನ ಅನುಕೂಲಕ್ಕೆ ಸರಿಯಾಗಿತ್ತು.

* * *

ಖಬರಸ್ತಾನದ ಮಸೀದಿಯ ಅಂಗಳದಲ್ಲಿ ಮಧ್ಯಾಹ್ನದ ಝುಹರ್ ನಮಾಝಿಗೆ ಮೊದಲೇ ಜನ ಸೇರಿತ್ತು. ಕಂಪನಿಯವರು, ಕ್ಯಾಂಪಿನವರು, ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಬಟ್ಟೆಯಂಗಡಿ ಇಟ್ಟಿರುವ ಭಟ್ಕಳದ ಅಬ್ದುಲ್ ರಹೀಮ್ ಸಾಹೇಬರು. ಉಸ್ಮಾನಾಕ ಊರಿಗೆ ಹೋಗುವಾಗಲೆಲ್ಲ ಅವರ ಅಂಗಡಿಯಲ್ಲೇ ಬಟ್ಟೆ ತೆಗೆಯುತ್ತಿದ್ದರು.

“ಇಷ್ಟು ವರ್ಷ ಬಂದ್ರಲ್ಲ, ಒಮ್ಮೆಯೂ ತನಗೆ ಅಂತ ಒಂದು ಶರ್ಟ್ ತೆಗೀಲಿಲ್ಲ” ಎಂದರು ರಹೀಮ್ ಸಾಹೇಬರು. “ನಾನು ತಮಾಷೆಗೆ ಕೇಳಿದೆ, ಉಸ್ಮಾನಾಕ ನಿಮಗೆ ಎಂತದೂ ಬೇಡ್ವಾ ಅಂತ. ನನ್ನದು ಮಕ್ಕಾದಿಂದ ತಂದಾಗಿದೆ ಅಂದ್ರು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅನ್ಸಿಫ್ ಬೆಚ್ಚಿದ. ಸಾಹೇಬರಿಗೆ ಅದೇನೂ ತಿಳಿಯಲಿಲ್ಲ. ಅವರು ಅವನ ಹೆಗಲ ಮೇಲೆ ಕೈಯಿಟ್ಟರು.

“ಗಂಡುಮಕ್ಕಳು ಇಲ್ಲ ಅವರಿಗೆ. ನಮಾಝಿಗೆ ಮೊದಲು ಹೇಳ್ಲಿಕ್ಕುಂಟಲ್ಲ, ಅದನ್ನು ನೀನೇ ಹೇಳ್ಬೇಕು.”

“ನಾನಾ?”

“ಮತ್ತೆ ಯಾರು? ನಿನ್ನನ್ನು ಮಗನ ಹಾಗೆ ನೋಡಿದ್ದಾರೆ.”

ಸ್ವಲ್ಪ ಆಚೆ ಪ್ರಾಜೆಕ್ಟ್ ಮ್ಯಾನೇಜರ್ ಲಿಯೊನೆಲ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಿಂತಿದ್ದ. ಮಂಗಳೂರಿನ ಬಜ್ಪೆಯವನು. ಇಗರ್ಜಿಗೆ ಹೋಗುವ ಕಪ್ಪು ಪ್ಯಾಂಟಿನಲ್ಲೇ ಬಂದಿದ್ದ. ಅನ್ಸಿಫ್ ಹತ್ತಿರ ಹೋದಾಗ ಅವನು ತಗ್ಗಿದ ದನಿಯಲ್ಲಿ, “ನೀನು ನಾಲ್ಕು ದಿನ ಬರ್ಲೇಬೇಡ, ಆಯ್ತಾ?” ಎಂದ. “ಜಲ್ಲಿದಿಬ್ಬದ ಫೇಸ್ ಟೂ ಇವತ್ತು ಊಟದ ನಂತರ ಶುರು. ಬೇಸ್‌ಮೆಂಟ್ ಡಿಗ್ಗಿಂಗ್. ನಾನು ನೋಡಿಕೊಳ್ತೇನೆ.”

“ಇವತ್ತೇ?”

“ಇವತ್ತೇ. ಯಾಕೆ ಮಾರಾಯ, ಮುಖ ಹಾಗೆ ಮಾಡ್ತೀ?”

* * *

ಮುಚ್ಚಿದ ಮೇಲೂ ಉಸ್ಮಾನಾಕ ಆ ಜಾಗವನ್ನು ಮರೆತಿರಲಿಲ್ಲ. ಶುಕ್ರವಾರ ನಮಾಝ್ ಮುಗಿಸಿ ಅಲ್ಲಿಗೆ ಹೋಗಿ, ನಿಂತು, ಸತ್ತವನಿಗಾಗಿ ಫಾತಿಹ ಓದಿ ಬರುತ್ತಿದ್ದರು. “ಇವನಿಗೆ ನಾನಲ್ಲದೆ ಯಾರಿದ್ದಾರೆ” ಎನ್ನುತ್ತಿದ್ದರು. ಕ್ಯಾಂಪಿನವರು ಉಸ್ಮಾನಾಕ ಯಾರನ್ನೋ ಇಟ್ಟುಕೊಂಡಿದ್ದಾರೆ, ಮರುಭೂಮಿಗೆ ಹೋಗಿ ಫೋನಲ್ಲಿ ಮಾತಾಡುತ್ತಾರೆ ಎಂದು ಗೇಲಿ ಮಾಡುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಪುರಾತತ್ವ ಇಲಾಖೆಯವರು ಆಪರೇಟರುಗಳಿಗೂ ಒಂದು ತರಗತಿ ಮಾಡಿದರು, ಹಿಂದಿಯಲ್ಲಿ. ಅವತ್ತು ಸಂಜೆ ಉಸ್ಮಾನಾಕ ಅನ್ಸಿಫನ ಫ್ಲ್ಯಾಟಿಗೆ ಬಂದವರು ಚಹಾ ಮುಟ್ಟಲಿಲ್ಲ.

“ಅನ್ಸೀ, ಫೋಟೋ ತೋರಿಸಿದ್ರು. ನಮ್ಮವನ ಹಾಗೆಯೇ. ಉರುಟು ಕಲ್ಲು, ಕಾಲು ಮಡಚಿ.”

“ಹೌದಾ?”

“ಗಡಿಬಿಡಿಯಲ್ಲಿ ಇಟ್ಟದ್ದಲ್ಲವಂತೆ ಮಗಾ. ಅವರ ರಿವಾಜೇ ಅದಂತೆ. ಪ್ರೀತಿಯಿಂದ ಹಾಗೆ ಮಲಗಿಸೂದಂತೆ, ತಾಯಿ ಹೊಟ್ಟೆಯಲ್ಲಿ ಇದ್ದ ಹಾಗೆ. ನಾನು ಅವನ ಕಾಲು ಎಳೆದು ನೇರ ಮಾಡಿದೆ.” ಅವರು ತನ್ನ ಅಂಗೈಗಳನ್ನೇ ನೋಡಿಕೊಂಡರು. “ನಾಳೆ ನನ್ನ ಮಯ್ಯತ್ತನ್ನು ಯಾರಾದ್ರೂ ಕಾಲು ಮಡಚಿ ಹುಗಿದ್ರೆ ನಿನ್ನ ಮಾಮಿಗೆ ಹೇಗಾದೀತು? ಅವನಿಗೂ ಒಬ್ಬ ಹೆಂಡತಿ ಇದ್ದಿರ್ಬಹುದು.”

ಅನ್ಸಿಫ್ ಆಗಲೂ, ನನಗೆ ಮೊದಲೇ ಗೊತ್ತಿತ್ತು ಮಾಮ ಎನ್ನಲಿಲ್ಲ.

“ನೀನು ಅವರಿಗೆ ಹೇಳು. ನಿನಗೆ ಇಂಗ್ಲಿಷ್ ಬರ್ತದೆ. ತಪ್ಪು ನನ್ನದು ಅಂತಲೇ ಹೇಳು. ಅವರು ಬಂದು ಸರಿ ಮಾಡ್ತಾರೆ.”

“ಹೇಳ್ತೇನೆ ಮಾಮ.”

ಹೇಳಲಿಲ್ಲ. ಮುಂದಿನ ವಾರ ಕೇಳಿದಾಗ ಇಲಾಖೆಯ ಸಾಹೇಬರು ರಜೆಯಲ್ಲಿದ್ದಾರೆ ಎಂದ. ಆಮೇಲೆ ಇಮೇಲ್ ಮಾಡಿದ್ದೇನೆ ಎಂದ. ಅಷ್ಟರಲ್ಲಿ ಉಸ್ಮಾನಾಕನಿಗೆ ಹಳದಿ ಕಾಣಿಸಿಕೊಂಡು, ಅದು ಬರೀ ಕಾಮಾಲೆಯಲ್ಲ ಎಂದು ಗೊತ್ತಾಗಿ, ಆಸ್ಪತ್ರೆಯ ಹಾಸಿಗೆ ಹಿಡಿದರು.

ಕೊನೆಯ ವಾರ ಅವರಿಗೆ ಮಾತು ಕಡಿಮೆಯಾಗಿತ್ತು. ಸಕೀನ ಮಾಮಿ ತುಟಿಗೆ ನೀರು ಮುಟ್ಟಿಸುತ್ತಿದ್ದರು. ಅನ್ಸಿಫ್ ಒಳಗೆ ಬಂದದ್ದನ್ನು ನೋಡಿ ಉಸ್ಮಾನಾಕ ಕಣ್ಣಿನಲ್ಲೇ ಕರೆದರು.

“ಹೇಳಿದೆಯಾ?”

ಅನ್ಸಿಫ್ ಆ ಹಳದಿ ಕಣ್ಣುಗಳನ್ನು ನೋಡಿದ. “ಹೇಳಿದೆ ಮಾಮ. ಬಂದು ನೋಡಿದ್ರು. ಮ್ಯೂಸಿಯಂಗೆ ತಕ್ಕೊಂಡು ಹೋದ್ರು.”

“ಕಾಲು?”

“ಮೊದಲಿನ ಹಾಗೆಯೇ ಮಡಚಿ ಇಟ್ಟಿದ್ದಾರೆ.”

“ಮಡಕೆ?”

“ಅದೂ ಮುಖದ ಹತ್ತಿರ. ಮೊದಲು ಇದ್ದಲ್ಲೇ.”

ಉಸ್ಮಾನಾಕ ಉಸಿರು ಬಿಟ್ಟರು. ಎಷ್ಟೋ ದಿನದ ಮೇಲೆ ಮುಖದ ಗಂಟು ಸಡಿಲಿತು. ಮಾಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಹೊರಗೆ ಕಾರಿಡಾರಿನಲ್ಲಿ ಅನ್ಸಿಫನ ಎರಡೂ ಕೈ ಹಿಡಿದು, “ಸಮಾಧಾನ ಮಾಡಿ ಕಳಿಸ್ತಿದ್ದೀ ಅವರನ್ನು. ನಿನಗೆ ಒಳ್ಳೇದಾಗ್ತದೆ” ಎಂದರು. ಅನ್ಸಿಫನಿಗೆ ಆ ಕೈ ಬಿಡಿಸಿಕೊಳ್ಳಲು ಆಗಲಿಲ್ಲ.

* * *

ನಮಾಝಿಗೆ ಸಾಲು ನಿಂತಿತು. ಮಯ್ಯತ್ತನ್ನು ಮುಂದೆ ಇಟ್ಟಿದ್ದರು. ರಹೀಮ್ ಸಾಹೇಬರು ಬೆನ್ನಿಗೆ ಮೆಲ್ಲಗೆ ದೂಡಿದಾಗ ಅನ್ಸಿಫ್ ತಿರುಗಿ ಜನರ ಮುಖ ನೋಡಿ ನಿಂತ. ಹೇಳಬೇಕಾದ ಮಾತು ಅವನಿಗೆ ಚಿಕ್ಕಂದಿನಿಂದ ಗೊತ್ತು. ಊರಲ್ಲಿ ಪ್ರತಿ ಸಾವಿಗೂ ಕೇಳಿದ್ದ.

“ನನ್ನ ಮಾಮನಿಂದ ಯಾರಿಗಾದರೂ ನೋವಾಗಿದ್ದರೆ ಅಲ್ಲಾಹನಿಗಾಗಿ ಕ್ಷಮಿಸಿಬಿಡಿ” ಎಂದ. “ಅವರ ಮೇಲೆ ಯಾರದಾದರೂ ಹಕ್ಕು ಇದ್ದರೆ ಅವರಲ್ಲಿ ಕೇಳಬೇಡಿ. ಅದನ್ನು ನನ್ನಲ್ಲಿ ಕೇಳಿ. ನಾನು ತೀರಿಸುತ್ತೇನೆ.”

ಕೇಳಲು ಯಾರೂ ಮುಂದೆ ಬರಲಿಲ್ಲ. ಅಷ್ಟು ದೊಡ್ಡ ಸಾಲಿನಲ್ಲಿ ಉಸ್ಮಾನಾಕನ ಮೇಲೆ ಒಂದು ದೂರು ಇದ್ದವನೂ ಇರಲಿಲ್ಲ. ಇದ್ದವನೊಬ್ಬ ಜಲ್ಲಿದಿಬ್ಬದ ಬದಿಯಲ್ಲಿ ಮಲಗಿದ್ದ. ಅವನ ಮೇಲೆ ಊಟದ ನಂತರ ಜೆಸಿಬಿ ಏರಲಿತ್ತು. ತೀರಿಸುತ್ತೇನೆ ಎಂದು ಎಲ್ಲರೆದುರು ಹೇಳಿದ ಮಾತು ಅನ್ಸಿಫನ ಕಿವಿಯಲ್ಲೇ ಉಳಿಯಿತು. ಇಮಾಮರು ಅಲ್ಲಾಹು ಅಕ್ಬರ್ ಎಂದು ತಕ್ಬೀರ್ ಹೇಳಿ ಕೈಕಟ್ಟಿದ ಮೇಲಷ್ಟೇ ಅವನ ಕೈ ಏರಿತು.

ಕಬರಿನೊಳಗೆ ಇಳಿದವರಲ್ಲಿ ಅವನೂ ಒಬ್ಬ. ಮಾಮನನ್ನು ಬಲಮಗ್ಗುಲಿಗೆ ಮಲಗಿಸಿ, ಕಫನಿನ ಗಂಟು ಬಿಡಿಸಿ, ಕಾಲುಗಳನ್ನು ನೇರ ಮಾಡಿದ. ಹಾಗೆ ಮಾಡುವಾಗ ಅವನಿಗೆ ಅಳು ಬಂತು. ಮೇಲಿದ್ದವರು ಮಾಮನಿಗಾಗಿ ಅಳುತ್ತಿದ್ದಾನೆ ಅಂದುಕೊಂಡರು. ಅರ್ಧ ಸರಿಯೇ.

ಮಣ್ಣು ಹಾಕಿ, ದುಆ ಮುಗಿದು, ಜನ ಕಾರುಗಳ ಕಡೆ ಹೋಗತೊಡಗಿದರು. ಅನ್ಸಿಫ್ ಲಿಯೊನೆಲ್‌ನನ್ನು ಅವನ ಕಾರಿನ ಹತ್ತಿರ ನಿಲ್ಲಿಸಿ ಎಲ್ಲವನ್ನೂ ಹೇಳಿಬಿಟ್ಟ. ಲಿಯೊನೆಲ್ ಮೊದಲು ಬೈದ. ಆಮೇಲೆ ಸೈಟಿಗೆ ಫೋನ್ ಮಾಡಿ, “ಜೆಸಿಬಿ ಆಫ್ ಮಾಡಿಸು, ನಾನು ಬರೂವರೆಗೆ ಯಾರೂ ಮುಟ್ಬಾರ್ದು” ಎಂದ.

“ನೋಡು ಅನ್ಸಿಫ್, ನಾನು ಕೆಟ್ಟ ಮನುಷ್ಯ ಅಲ್ಲ” ಎಂದ. “ಇನ್ನು ಮುಚ್ಚಿಡು ಅಂತ ನಾನೂ ಹೇಳೂದಿಲ್ಲ. ಆದ್ರೆ ಬುದ್ಧಿ ಉಪಯೋಗಿಸು. ಆಪರೇಟರ್ ತನ್ನಷ್ಟಕ್ಕೆ ಮಾಡಿದ್ದು, ಸಾಯುವಾಗ ನಿನ್ನ ಹತ್ರ ಹೇಳಿದ್ರು, ನೀನು ಇವತ್ತೇ ರಿಪೋರ್ಟ್ ಮಾಡಿದೆ. ಖಲಾಸ್. ಸತ್ತವರನ್ನು ಯಾರೂ ಜೈಲಿಗೆ ಹಾಕೂದಿಲ್ಲ ಮಾರಾಯ. ನಿನಗೆ ಹೆಂಡ್ತಿ ಮಕ್ಕಳಿದ್ದಾರೆ.”

ಒಳ್ಳೆಯ ಸಲಹೆಯೇ. ಉಸ್ಮಾನಾಕ ಬದುಕಿದ್ದರೆ ತಾನೂ ಅದನ್ನೇ ಹೇಳುತ್ತಿದ್ದರು. ತಪ್ಪು ನನ್ನದು ಅಂತಲೇ ಹೇಳು ಎಂದು ಬಾಯಿಬಿಟ್ಟು ಹೇಳಿಯೂ ಇದ್ದರು. ಕಾರು ಜಲ್ಲಿದಿಬ್ಬದ ದಾರಿ ಹಿಡಿದಾಗ ಅನ್ಸಿಫ್ ಇಲಾಖೆಯ ನಂಬರಿಗೆ ಫೋನ್ ಮಾಡಿದ. ಅಲ್ಲಿಯವರು ಜಾಗ ಕೇಳಿದರು, ಏನನ್ನೂ ಮುಟ್ಟಬೇಡಿ ಎಂದರು. ಅದನ್ನು ಕೇಳಿ ಅವನಿಗೆ ನಾಚಿಕೆಯಾಯಿತು.

* * *

ಇಲಾಖೆಯಿಂದ ಬಂದದ್ದು ಇಲ್ಲಿಯದೇ ಒಬ್ಬ ತರುಣಿ. ಕಪ್ಪು ಅಬಾಯದ ಕೆಳಗೆ ಸೈಟ್ ಬೂಟು. ಜೊತೆಗೆ ಇಬ್ಬರು ಸಹಾಯಕರು. ಸಂಜೆಯ ಅಸರ್ ನಮಾಝ್ ಕಳೆದು ಬಿಸಿಲು ವಾಲತೊಡಗಿತ್ತು. ಅವಳು ಕರಣೆಯಿಂದ ಮರಳನ್ನು ಪದರ ಪದರವಾಗಿ ಕೆರೆದು, ಮೇಲೆ ಬ್ರಷ್ ಆಡಿಸುತ್ತ ಹೋದಳು. ಅವಸರವೆಂಬುದೇ ಅವಳಿಗೆ ಗೊತ್ತಿದ್ದಂತಿರಲಿಲ್ಲ. ಬಟ್ಟೆಯ ಅಂಚು ಕಂಡಾಗ ಅವಳ ಕೈ ನಿಂತಿತು.

“ಇದು ಇಹ್ರಾಮಿನ ಬಟ್ಟೆ” ಎಂದಳು ಇಂಗ್ಲಿಷಿನಲ್ಲಿ. “ಇದು ಇಲ್ಲಿಗೆ ಹೇಗೆ ಬಂತು?”

ಲಿಯೊನೆಲ್ ಅನ್ಸಿಫನನ್ನು ನೋಡಿದ. ನೋಡಿ, ಬೇಕೆಂದೇ ಮುಖ ಆಚೆ ತಿರುಗಿಸಿದ.

“ನನ್ನ ಮಾಮ ಹೊದಿಸಿದ್ದು” ಎಂದ ಅನ್ಸಿಫ್. “ಆಪರೇಟರ್ ಅವರು. ತನ್ನ ಕಫನಿಗೆ ಇಟ್ಟುಕೊಂಡಿದ್ದ ಬಟ್ಟೆ. ಇವನೂ ನಮ್ಮವನೇ ಅಂದುಕೊಂಡಿದ್ದರು. ಇವತ್ತು ಅವರನ್ನು ಮಣ್ಣು ಮಾಡಿ ಬಂದೆವು.”

ಅವಳು ಅರಬ್ಬಿಯಲ್ಲಿ ಮೆಲ್ಲಗೆ ಸತ್ತವರಿಗೆ ದುಆ ಮಾಡಿದಳು. ಮತ್ತೆ ಕೇಳಿದಳು. “ಅವರಿಗೆ ಇದು ಹಳೆಯ ಗೋರಿ ಎಂದು ಗೊತ್ತಿರಲಿಲ್ಲವೇ?”

“ಅವರಿಗೆ ಗೊತ್ತಿರಲಿಲ್ಲ” ಎಂದ. ಇಲ್ಲಿಗೇ ನಿಲ್ಲಿಸಬಹುದಿತ್ತು. ನಾಲಿಗೆ ಒಣಗಿತು. “ನನಗೆ ಗೊತ್ತಿತ್ತು. ನಿಮ್ಮವರ ತರಗತಿಯಲ್ಲಿ ಕೂತಿದ್ದೆ. ಮುಚ್ಚಲು ಹೇಳಿದ್ದು ನಾನು.”

ಲಿಯೊನೆಲ್ “ಜೆಜು” ಎಂದು ಯೇಸುವನ್ನು ನೆನೆದು ಹಣೆ ಒತ್ತಿಕೊಂಡ. ಅವಳು ಬಟ್ಟೆಯನ್ನು ನಾಜೂಕಾಗಿ ಸರಿಸಿ, ನೇರವಾಗಿ ಚಾಚಿದ್ದ ಆ ಕಾಲಿನ ಮೂಳೆಗಳನ್ನು ನೋಡಿದಳು. ಅವಳ ಮುಖದಲ್ಲಿದ್ದದ್ದು ಸಿಟ್ಟಲ್ಲ, ಸಂಕಟ. ಸಿಟ್ಟಾಗಿದ್ದರೆ ಅನ್ಸಿಫನಿಗೆ ಸುಲಭವಾಗುತ್ತಿತ್ತು.

“ಕೈ ಎಲ್ಲಿತ್ತು, ಮುಖ ಯಾವ ದಿಕ್ಕಿಗಿತ್ತು, ಮಡಕೆ ಯಾಕೆ ಅಲ್ಲಿತ್ತು, ನಮಗೆ ಇವನು ಹೇಳಬಹುದಾಗಿದ್ದು ಅಷ್ಟೇ ಮಾತು” ಎಂದಳು. “ಅದನ್ನು ಇನ್ನು ಯಾರೂ ಕೇಳಿಸಿಕೊಳ್ಳಲಾರರು.”

“ನನಗೆ ನೆನಪಿದೆ. ನಾನು ಹೇಳುತ್ತೇನೆ. ಮೊದಲಿನ ಹಾಗೆ ಮಡಚಿ ಇಡಬಹುದಲ್ಲ? ಕಾಲು, ಮಡಕೆ, ಎಲ್ಲ?”

“ನಿಮಗೆ ನೆನಪಿರುವುದನ್ನು ಬರೆದುಕೊಳ್ಳುತ್ತೇವೆ. ಆದರೆ ನಾವು ಹಾಗೆ ಇಡುವುದಿಲ್ಲ. ಈಗ ಹೇಗಿದೆಯೋ ಹಾಗೆಯೇ ಅಳೆದು ತೆಗೆಯುತ್ತೇವೆ.”

“ಬಟ್ಟೆಯಾದರೂ ಸಿಗುತ್ತದೆಯೇ? ಅವರ ಹೆಂಡತಿ ಕೇಳುತ್ತಿದ್ದಾರೆ.”

ಅವಳು ಇಲ್ಲವೆಂದು ತಲೆಯಾಡಿಸಿದಳು. “ಅದೂ ಈಗ ಈ ಗೋರಿಯದ್ದೇ.” ಆಮೇಲೆ, ಪೊಲೀಸರು ಬರುತ್ತಾರೆ, ಅವರ ಜೊತೆ ಹೋಗಿ ಹೇಳಿಕೆ ಕೊಡಬೇಕಾಗುತ್ತದೆ ಎಂದಳು.

ಅನ್ಸಿಫ್ ಸಕೀನ ಮಾಮಿಗೆ ಫೋನ್ ಮಾಡಿದ. ಅವನ ಫ್ಲ್ಯಾಟಿನಲ್ಲಿ ಹೆಂಗಸರು ಸತ್ತವರಿಗಾಗಿ ಕುರ್‌ಆನಿನ ಯಾಸೀನ್ ಓದುತ್ತಿದ್ದದ್ದು ಹಿನ್ನೆಲೆಯಲ್ಲಿ ಕೇಳುತ್ತಿತ್ತು.

“ಎಲ್ಲಿದ್ದೀ ಮಗಾ? ನೀನು ಬಂದ ಮೇಲೆ ಉಣ್ಣುವ ಅಂತ ನಸೀಮ ಹೇಳ್ತಿದ್ದಾಳೆ.”

“ಬರ್ಲಿಕ್ಕೆ ಆಗೂದಿಲ್ಲ ಮಾಮಿ. ನಾನು ಮಾಮನಿಗೆ ಸುಳ್ಳು ಹೇಳಿದ್ದೆ. ಅವತ್ತು ಯಾರೂ ಬಂದಿರ್ಲಿಲ್ಲ. ಮ್ಯೂಸಿಯಂಗೆ ಯಾರೂ ತಕ್ಕೊಂಡು ಹೋಗಿರ್ಲಿಲ್ಲ. ಅವನು ಇಲ್ಲೇ ಇದ್ದಾನೆ. ಮಾಮನ ಬಟ್ಟೆ ಇಲ್ಲೇ ಉಂಟು. ಈಗ ಹೇಳಿದೆ ಇವರಿಗೆ. ಎಲ್ಲ ಹೇಳಿದೆ.”

ಆ ಕಡೆ ಯಾಸೀನ್ ಮಾತ್ರ ಕೇಳುತ್ತಿತ್ತು.

“ಮಾಮಿ?”

“ಈಗ ಹೇಳಿದೆಯಾ” ಎಂದರು ಮಾಮಿ. ದನಿಯಲ್ಲಿ ಬೈಗುಳ ಇರಲಿಲ್ಲ. “ಇನ್ನು ನಿನ್ನ ಮಾಮನಿಗೆ ಕೇಳ್ತದಾ ಅನ್ಸೀ?”

ಫೋನ್ ಇಟ್ಟರೋ, ಕೈಯಿಂದ ಜಾರಿತೋ, ಯಾಸೀನೂ ನಿಂತಿತು.

ಕಣಿಯಲ್ಲಿ ಆ ತರುಣಿ ಮೂಳೆಗಳ ಬದಿಗೆ ಕಪ್ಪು ಬಿಳಿ ಪಟ್ಟಿಯ ಒಂದು ಅಳತೆಕೋಲು ಇಟ್ಟು, ಕ್ಯಾಮೆರಾ ಕಣ್ಣಿಗೆ ಹಿಡಿದಿದ್ದಳು. ಹಿಡಿದವಳು ಕೆಳಗಿಳಿಸಿದಳು.

“ಸ್ವಲ್ಪ ಸರಿಯಿರಿ. ನಿಮ್ಮ ನೆರಳು ಬೀಳುತ್ತಿದೆ.”

ಅನ್ಸಿಫ್ ನೋಡಿದ. ಅವನ ನೆರಳು ಕಣಿಗೆ ಇಳಿದು ಆ ತಲೆಬುರುಡೆಯ ಮೇಲೆ ಬಿದ್ದಿತ್ತು. ಅವನು ಎಡಕ್ಕೆ ಸರಿದ. ನೆರಳು ಪಕ್ಕೆಲುಬಿನ ಮೇಲೆ ಬಂತು. ಇನ್ನಷ್ಟು ಸರಿದ. ಅಲ್ಲಿ ಜೆಸಿಬಿ ಅಡ್ಡ ನಿಂತಿತ್ತು, ಹಿಂದೆ ಮಣ್ಣಿನ ರಾಶಿ. ಹೊತ್ತು ಮುಳುಗುವ ಬಿಸಿಲು ನೆರಳನ್ನು ಎಳೆದು ಎಳೆದು ಉದ್ದ ಮಾಡಿತ್ತು. ಅವನು ಎಲ್ಲಿ ನಿಂತರೂ ಅದು ಆ ಕಾಲುಗಳನ್ನು ಮುಟ್ಟುತ್ತಿತ್ತು.

“ಇನ್ನೂ ಇದೆ” ಎಂದಳು ಅವಳು, ಕಾಯುತ್ತ.

ಅನ್ಸಿಫ್ ಮರಳಿನ ಮೇಲೆ ಕೂತ. ಅದೂ ಸಾಲದೆ ತಲೆ ತಗ್ಗಿಸಿ, ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡ. ಆಗ ಅವಳು ಫೋಟೋ ತೆಗೆದಳು.